ಮೊಟ್ಟೆಯ ಮೇಲಿನ ಅಪವಾದ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳಿದ್ದಕ್ಕಲ್ಲ, ನನ್ನ ಉತ್ತರ ಮುಗಿಯುವ ಮೊದಲೇ ಅವರ ಕಣ್ಣು ಬೇರೆ ಕಡೆ ಹೊರಳುವುದಕ್ಕೆ. ಫೋನಿನ ಕ್ಯಾಮೆರಾ ಪಕ್ಕದಲ್ಲಿ ಒಂದು ಸಣ್ಣ ದೀಪ ಇರುತ್ತದಲ್ಲ, ಫೋಟೊ ತೆಗೆಯುವಾಗ ಫಕ್ಕನೆ ಮಿಂಚುವ, ಟಾರ್ಚ್ ಒತ್ತಿದರೆ ಉರಿಯುತ್ತಲೇ ಇರುವ ದೀಪ, ಅದನ್ನು ನಡೆಸುವ ಪ್ರೋಗ್ರಾಮು ಬರೆಯುವವಳು ನಾನು. ಅದಕ್ಕೆ ಡ್ರೈವರ್ ಎನ್ನುತ್ತಾರೆ. ಅದರಲ್ಲೂ ನನ್ನ ಪಾಲಿಗೆ ಬಂದದ್ದು ಒಂದು ಮೂಲೆ. ದೀಪಕ್ಕೆ ಏನಾದರೂ ತೊಂದರೆಯಾದರೆ, ಅಂದರೆ ಬಿಸಿ ಏರಿದರೆ, ಒಳಗೆ ಶಾರ್ಟ್ ಆದರೆ, ಬ್ಯಾಟರಿ ಸಾಲದೆ ಹೋದರೆ, ಆ ಸುದ್ದಿಯನ್ನು ಫೋನಿಗೆ ಮುಟ್ಟಿಸಬೇಕು. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು "ಓ, ಮೊಬೈಲ್ ರಿಪೇರಿ" ಎಂದು ತಮಗೆ ತಾವೇ ಸಮಾಧಾನ ಮಾಡಿಕೊಂಡಿರುತ್ತಾರೆ. ಈಗೀಗ ನಾನೂ ಹೌದು ಎಂದುಬಿಡುತ್ತೇನೆ.

ನಾವಿರುವುದು ಕೊಳ್ಳೇಗಾಲದಲ್ಲಿ. ಗಂಡ ಇಲ್ಲಿ ಮೇಷ್ಟ್ರು. ನಾನು ಮಹಡಿಯ ಕೋಣೆಯಲ್ಲಿ ಕೂತು, ಕೊಯಮತ್ತೂರು ಕಡೆಯ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ಅತ್ತೆಯ ಮನೆ ಕಾಮಗೆರೆಯಲ್ಲಿ. ಹನೂರು ಬಸ್ಸು ಹತ್ತಿ ಒಂದು ತೂಕಡಿಕೆ ಮುಗಿಯುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ. ಮಾವ, ಮೈದುನ, ಅವನ ಹೆಂಡತಿ ಮಕ್ಕಳು, ಕುರಿ, ಕೋಳಿ, ಎಲ್ಲ ಸೇರಿ ಆ ಮನೆಯಲ್ಲಿ ಒಂದು ಮಾತನ್ನು ಎರಡು ಸಲ ಹೇಳದಿದ್ದರೆ ಕೇಳಿಸುವುದಿಲ್ಲ. ಭಾನುವಾರ ಅಲ್ಲಿಗೆ ಹೋಗುವುದೆಂದರೆ ನನಗೆ ಹಬ್ಬ.

ನಾನು ಯಳಂದೂರಿನವಳು. ನಮ್ಮ ತವರಿನಲ್ಲಿ ಮೊಟ್ಟೆ ಹೊಸಿಲು ದಾಟಿದ್ದೇ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನ ಕೈಗೆ ಒಂದು ಮೊಟ್ಟೆ ಕೊಟ್ಟಾಗ ನಾನು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಯಾರಾದರೂ ಬಂದು ಇಸಿದುಕೊಳ್ಳಲಿ ಎಂದು ನಿಂತೇ ಇದ್ದೆ. ಆ ಕಥೆಯನ್ನು ಅತ್ತೆ ಈಗಲೂ ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ. ಎದ್ದು ನಿಂತು, ನಾನು ಹೇಗೆ ನಿಂತಿದ್ದೆ ಎಂದು ತೋರಿಸುತ್ತಾರೆ.

ನಮ್ಮತ್ತೆಗೆ ಕಾಮಗೆರೆಯಲ್ಲಿ ಒಂದು ಪದವಿ ಇದೆ. ಅವರು ಮೊಟ್ಟೆ ನೋಡುವವರು. ಕೋಳಿಯನ್ನು ಕಾವಿಗೆ ಕೂರಿಸಿ ವಾರವಾಗುತ್ತಿದ್ದಂತೆ ಬೀದಿಯ ಹೆಂಗಸರು ಮೊಟ್ಟೆಗಳನ್ನು ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿಕೊಂಡು ಅವರ ಹತ್ತಿರ ಬರುತ್ತಾರೆ. ನೆಂಟರ ಮನೆಗೆಂದು ಮುಳ್ಳೂರಿಗೋ ಮಧುವನಹಳ್ಳಿಗೋ ಹೋದರೂ ಇದೇ ಪಾಡು. ಮೊದಲೆಲ್ಲ ಅತ್ತೆ ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡುತ್ತಿದ್ದರು. ಕಂಪನಿಯವರು ಪರೀಕ್ಷೆಗೆಂದು ನನಗೆ ಕೊಟ್ಟ ಹೊಸ ಫೋನೊಂದನ್ನು ನಾನು ಅವರಿಗೆ ಕೊಟ್ಟ ಮೇಲೆ ಬಿಸಿಲಿನ ಹಂಗು ತಪ್ಪಿತು. ಕಡಿಮೆ ಬೆಲೆಯ ಫೋನು, ಆದರೆ ಟಾರ್ಚು ಮಾತ್ರ ಹೆಡ್‌ಲೈಟು. ನಡುಮನೆಯ ಕತ್ತಲ ಮೂಲೆಯಲ್ಲಿ ಕಾಲು ಚಾಚಿ ಕೂತು, ಫೋನನ್ನು ಮಡಿಲಲ್ಲಿ ಬೋರಲು ಹಾಕಿ, ಉರಿಯುವ ದೀಪದ ಮೇಲೆಯೇ ಮೊಟ್ಟೆ ಕೂರಿಸಿ, ತಲೆಯ ಮೇಲಿಂದ ಸೆರಗು ಎಳೆದುಕೊಂಡು ಒಳಗೆ ಬಗ್ಗಿ ನೋಡುತ್ತಾರೆ. ಮೊಟ್ಟೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಒಳಗೆ ಕೆಂಪು ನರಗಳು ಹಬ್ಬಿದ್ದರೆ ಸೆರಗಿನೊಳಗಿಂದಲೇ ತೀರ್ಪು ಬರುತ್ತದೆ: "ಜೀವ ಅದೆ, ಇಕ್ಕು." ಇಲ್ಲದಿದ್ದರೆ, "ಏನೂ ಇಲ್ಲ, ತಗಿ."

ಅದೇ ದಿನಗಳಲ್ಲಿ ಆ ಮಾದರಿಯ ಫೋನುಗಳ ಬಗ್ಗೆ ಕಂಪನಿಗೆ ದೂರು ಬರತೊಡಗಿತ್ತು. ಟಾರ್ಚ್ ಇದ್ದಕ್ಕಿದ್ದಂತೆ ಆರಿಹೋಗುತ್ತದೆ, ಎಷ್ಟು ಒತ್ತಿದರೂ ಹತ್ತುವುದಿಲ್ಲ, ಆಮೇಲೆ ಯಾವಾಗಲೋ ತಾನಾಗಿ ಸರಿಹೋಗುತ್ತದೆ. ಕಾರಣ ಮಾತ್ರ ಯಾರಿಗೂ ಸಿಗಲಿಲ್ಲ. ಯಾಕೆಂದರೆ ಆರಿದ ಹೊತ್ತಿನಲ್ಲಿ ಫೋನಿನ ಒಳಗಿನ ವರದಿ ತೆಗೆದು ನೋಡಿದರೆ ಅದರಲ್ಲಿ ಇರುತ್ತಿದ್ದುದು ಒಂದೇ ಮಾತು: ದೋಷವಿಲ್ಲ. ನನ್ನ ಮೇಜಿನ ಮೇಲೆ ಫೋನು ಗಂಟೆಗಟ್ಟಲೆ ಉರಿಯುತ್ತಿತ್ತು, ಒಮ್ಮೆಯೂ ಆರಲಿಲ್ಲ. ಕೊನೆಗೆ ನಮ್ಮ ಮ್ಯಾನೇಜರು ಒಂದು ಉಪಾಯ ಹೇಳಿದರು. ಟಾರ್ಚು ಒಂದು ನಿಮಿಷಕ್ಕಿಂತ ಹೆಚ್ಚು ಉರಿಯದಂತೆ ಕಟ್ಟುಹಾಕಿಬಿಡೋಣ, ದೂರು ತಾನಾಗಿ ನಿಲ್ಲುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು. ತಲೆನೋವು ಎಂದವನಿಗೆ ಮಾತಾಡಬೇಡ ಎಂದು ಹೇಳುವ ವೈದ್ಯವಲ್ಲವೆ ಇದು. ಶುಕ್ರವಾರದೊಳಗೆ ಕಾರಣ ಹುಡುಕಿ ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳಿಬಿಟ್ಟೆ.

ಆ ಭಾನುವಾರ ಕಾಮಗೆರೆಗೆ ಹೋದಾಗ ನಡುಮನೆಯಲ್ಲಿ ಮೊಟ್ಟೆ ನೋಡುವ ಕಾರ್ಯಕ್ರಮ ನಡೆದಿತ್ತು. ಹೆಂಗಸರು ಒಬ್ಬೊಬ್ಬರಾಗಿ ತೋರಿಸಿಕೊಂಡು ಹೋದರು. ಎಲ್ಲರಿಗಿಂತ ಕೊನೆಗೆ ಬಂದವಳು ಪಕ್ಕದ ಮನೆಯ ಹೊಸ ಸೊಸೆ. ಹನೂರಿನ ಆಚೆಯ ಊರಿನ ಹುಡುಗಿ. ಈ ವರ್ಷವೇ ಮದುವೆಯಾಗಿ ಬಂದವಳು. ಅವಳ ತಾಯಿ ಒಂದು ಕರಿಯ ಹೇಂಟೆಯನ್ನು ಕಂಕುಳಲ್ಲಿ ಹಿಡಿದುಕೊಂಡು ಬಂದು ಮಗಳಿಗೆ ಕೊಟ್ಟುಹೋಗಿದ್ದರು. ಗಂಡನ ಮನೆಯಲ್ಲಿ ಅವಳದು ಎಂದು ಇದ್ದದ್ದು ಆ ಕೋಳಿಯೊಂದೇ. ಅದು ಕಾವಿಗೆ ಕೂತಿದ್ದು ಇದೇ ಮೊದಲು. ಕೆಲವು ದಿನಗಳ ಹಿಂದೆ ಇವೇ ಮೊಟ್ಟೆಗಳನ್ನು ಮೊದಲ ಸಲ ತೋರಿಸಲು ಬಂದಾಗ ನೋಡುತ್ತಿರುವಂತೆಯೇ ಟಾರ್ಚು ಆರಿತ್ತಂತೆ. ಈ ಸಲ ಅವಳು ಮೊಟ್ಟೆಗಳನ್ನು ಒಂದು ಹಳೆಯ ಸ್ವೆಟರಿನಲ್ಲಿ ಸುತ್ತಿಕೊಂಡು, ಬಾಗಿಲಲ್ಲೇ ನಿಂತು, ಒಳಗೆ ಬರಲೋ ಬೇಡವೋ ಎಂಬಂತೆ ನೋಡುತ್ತಿದ್ದಳು.

ಅತ್ತೆ ಸೆರಗು ಎಳೆದುಕೊಂಡು ಅವಳ ಮೊದಲ ಮೊಟ್ಟೆ ಇಟ್ಟರು. ಕೆಂಪಗೆ ಬೆಳಗಿತು. ಅವರು ಬಾಯಿ ತೆರೆಯುವ ಮೊದಲೇ ಟಾರ್ಚು ಆರಿಹೋಯಿತು.

ಆ ಹುಡುಗಿಯ ಅತ್ತೆಯೂ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಅವರೇ ಮೊದಲು ಹೇಳಿದರು, "ನುಂಗ್ತು ನೋಡಕ್ಕ."

ನುಂಗುವುದೆಂದರೆ ಏನೆಂದು ನನಗೆ ಆಮೇಲೆ ಗೊತ್ತಾಯಿತು. ಬೀದಿಯ ಹೆಂಗಸರೆಲ್ಲ ಸೇರಿ ಅದಾಗಲೇ ಒಂದು ಶಾಸ್ತ್ರ ಮಾಡಿಕೊಂಡಿದ್ದರು. ಯಾವ ಮೊಟ್ಟೆ ಇಟ್ಟಾಗ ದೀಪ ಆರುತ್ತದೋ ಅದು ದೀಪ ನುಂಗಿದ ಮೊಟ್ಟೆ. ಅದು ತಿಪ್ಪೆಗೆ. ಒಂದು ಸಲ ನುಂಗಿದ್ದನ್ನು ಮತ್ತೊಂದು ದೀಪಕ್ಕೆ ತೋರಿಸಬಾರದು. ಮತ್ತೆ ಮತ್ತೆ ದೀಪ ನುಂಗುವ ಮೊಟ್ಟೆ ಇಡುವ ಕೋಳಿ ಮನೆಗೆ ಆಗಿಬರುವುದಿಲ್ಲ.

"ಮುಂದಿನ ವಾರ ನೆಂಟ್ರು ಬತ್ತಾವ್ರೆ. ಈ ಕರಿ ಕೋಳಿನೇ ಸಾರ್ ಮಾಡದು" ಎಂದರು ಆ ಅತ್ತೆ. ಕೆಟ್ಟವರೇನಲ್ಲ ಅವರು. ಗ್ಯಾಸ್ ಮುಗಿದಿದೆ ಎನ್ನುವಷ್ಟು ಸಲೀಸಾಗಿ ಹೇಳಿದರು.

ಹುಡುಗಿ ಸ್ವೆಟರನ್ನು ಮೊಟ್ಟೆಗಳ ಮೇಲೆ ಮತ್ತೆ ಮುಚ್ಚಿದಳು. ಅವಳ ಕಣ್ಣು ತುಂಬಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅದು ಫೋನಿನ ದೋಷ. ಮೊಟ್ಟೆ ಏನು ಮಾಡುತ್ತೆ ಪಾಪ?" ಎಂದೆ.

ನಮ್ಮತ್ತೆ ಸೆರಗಿನಿಂದ ತಲೆ ಹೊರಗೆ ಹಾಕಿದರು. "ಅಂಗಂತ ಫೋನು ಏಳ್ತಾ? ಫೋನಿಗ್ ಏನಾರ ಆದ್ರೆ ಏಳೋಕೆ ಅಂತ್ಲೇ ನೀನು ಸಂಬಳ ತಕತಿರೋದು ಅಂತಿದ್ದೆ. ನೋಡು, ಏನಂತದೆ?"

ಬಗಲಲ್ಲಿದ್ದ ಲ್ಯಾಪ್‌ಟಾಪು ತೆಗೆದು, ಫೋನಿಗೆ ವೈರು ಚುಚ್ಚಿ ವರದಿ ನೋಡಿದೆ. ದೋಷವಿಲ್ಲ ಎಂದು ಬರೆದಿತ್ತು. ಅಷ್ಟು ಜನರ ನಡುವೆ ಅದನ್ನು ಓದಿ ಹೇಳಬೇಕಾಯಿತು. ನನ್ನದೇ ಕೆಲಸ ಬಂದು ಆ ಮೊಟ್ಟೆಯ ವಿರುದ್ಧ ಸಾಕ್ಷಿ ಹೇಳಿದಂತಾಯಿತು. ಹಟ ಬಿಡದೆ, ಹುಡುಗಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ನನ್ನ ಸ್ವಂತ ಫೋನಿನ ಬೆಳಕಲ್ಲಿ ಆ ಮೊಟ್ಟೆ ನೋಡಿದೆ. ಕೆಂಪು ನರಗಳು ಕಂಡವು. ಕಂಡಂತಾಯಿತು. ಒಳಗೆ ಬಂದು ಹೇಳಿದರೆ ಹೆಂಗಸರೆಲ್ಲ ನಕ್ಕರು. ಮೊಟ್ಟೆ ಹಿಡಿಯಲು ಬಾರದ ಯಳಂದೂರಿನವಳ ಮಾತು ಯಾವ ನ್ಯಾಯಕ್ಕೆ ನಿಲ್ಲುತ್ತದೆ.

ಅತ್ತೆಗೆ ಮಾತ್ರ ನನ್ನ ಮುಖ ನೋಡಿ ಏನನ್ನಿಸಿತೋ, ಪಕ್ಕದ ಮನೆಯವರಿಗೆ ಹೇಳಿದರು: "ಒಸಿ ತಡಿ ಕಣಕ್ಕ. ಫೋನ್ ನೋಡೋಳೇ ಮನೇಲಿರುವಾಗ ನಾವ್ಯಾಕೆ ಅವಸರ ಬೀಳ್ಬೇಕು? ಬರೋ ಭಾನ್ವಾರದಗಂಟ ಮೊಟ್ಟೆ ಕೋಳಿ ಕೆಳ್ಗೇ ಇರ್ಲಿ. ನೆಂಟ್ರು ಬಂದ್ರೆ ನಮ್ ಹುಂಜ ಇಡ್ಕೊಂಡ್ ಓಗು." ಅವರು ಒಪ್ಪಿದರು. ಹುಂಜ ದಪ್ಪ ಇತ್ತು.

ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಕೂತೆ. ಕೈಗೆ ಮೊಟ್ಟೆ ಕೊಡಲು ಅತ್ತೆ ಒಪ್ಪಲಿಲ್ಲ, ಒಂದು ನಿಂಬೆಹಣ್ಣು ಕೊಟ್ಟರು. ಫೋನನ್ನು ಅವರಂತೆಯೇ ಮಡಿಲಲ್ಲಿ ಬೋರಲು ಹಾಕಿ, ದೀಪದ ಮೇಲೆ ನಿಂಬೆಹಣ್ಣು ಒತ್ತಿಟ್ಟು, ಮೇಲೆ ಸೆರಗು ಮುಚ್ಚಿಕೊಂಡೆ. ಹೊಲದಿಂದ ಬಂದ ಮಾವ ನನ್ನನ್ನು ನೋಡಿ, "ಏನವ್ವ, ನಿಂಬೆಣ್ಣಲ್ಲೂ ಮರಿ ಆಯ್ತದಾ?" ಎಂದು ಕೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಫೋನಿನ ಬೆನ್ನು ಕಾವಲಿಯ ಹಾಗೆ ಸುಡತೊಡಗಿತು. ಆಮೇಲೆ ಟಾರ್ಚು ಆರಿತು.

ನನಗೆ ಕುಣಿಯುವಂತಾಯಿತು. ಮೇಜಿನ ಮೇಲೆ ದೀಪದ ಬಾಯಿ ತೆರೆದಿರುತ್ತಿತ್ತು, ಬಿಸಿ ಹೊರಗೆ ಹೋಗುತ್ತಿತ್ತು. ಇಲ್ಲಿ ಮೊಟ್ಟೆಯೇ ಮುಚ್ಚಳ, ಸೆರಗೇ ಕಂಬಳಿ. ಬಿಸಿ ಏರಿದಾಗ ದೀಪವನ್ನು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ ತನ್ನನ್ನು ತಾನು ಉಳಿಸಿಕೊಳ್ಳಲು ದೀಪ ಆರಿಸಿಬಿಡುತ್ತದೆ. ಅದು ಸರಿಯೇ. ಆರಿಸಿ, ತನ್ನೊಳಗಿನ ಒಂದು ಪುಟ್ಟ ಗೂಡಿನಲ್ಲಿ 'ಬಿಸಿ' ಎಂದು ಗುರುತು ಇಡುತ್ತದೆ. ಅದನ್ನು ಓದಿ ಹೇಳುವುದು ಡ್ರೈವರ್ ಕೆಲಸ. ಹಾಗಾದರೆ ವರದಿಯಲ್ಲಿ ಯಾಕೆ ಏನೂ ಇಲ್ಲ? ಆ ಚಿಪ್ ಅನ್ನೇ ನೇರವಾಗಿ ಕೇಳಿದೆ. ಗೂಡು ಖಾಲಿ. ಡ್ರೈವರನ್ನು ಸುಮ್ಮನಿರಿಸಿ, ಮತ್ತೆ ನಿಂಬೆಹಣ್ಣು ಇಟ್ಟು, ಮತ್ತೆ ಬೆವತು, ಟಾರ್ಚು ಆರಿದ ಮೇಲೆ ಕೇಳಿದೆ. ಗೂಡಿನಲ್ಲಿ 'ಬಿಸಿ' ಇತ್ತು. ಇನ್ನೊಮ್ಮೆ ಕೇಳಿದೆ. ಖಾಲಿ.

ಆಗ ಹೊಳೆಯಿತು. ಆ ಗೂಡಿನ ಗುಣವೇ ಹಾಗೆ. ಯಾರಾದರೂ ಒಮ್ಮೆ ಇಣುಕಿ ನೋಡಿದರೆ ಸಾಕು, ಗುರುತು ಅಳಿಸಿಹೋಗುತ್ತದೆ. ನಮ್ಮ ಡ್ರೈವರು ಎರಡು ಸಲ ಇಣುಕುತ್ತಿತ್ತು. ದೀಪ ಕೆಲಸಕ್ಕೆ ತಯಾರಿದೆಯೇ ಎಂದು ತಿಳಿಯಲು ಒಮ್ಮೆ, ಆಗ ಕಂಡ ಗುರುತನ್ನು ತನಗೆ ಬೇಡವೆಂದು ಬಿಟ್ಟುಬಿಡುತ್ತಿತ್ತು. ಆಮೇಲೆ ದೋಷ ಹೇಳಲೆಂದು ಇನ್ನೊಮ್ಮೆ ಇಣುಕಿದರೆ ಅಲ್ಲಿ ಏನಿರುತ್ತದೆ. ಯಾರ ಯಾರದೋ ಕೈ ದಾಟಿ ನಮ್ಮಲ್ಲಿಗೆ ಬಂದಿದ್ದ ಪ್ರೋಗ್ರಾಮು ಅದು, ಯಾರೂ ಅಷ್ಟು ಒಳಗೆ ಹೋಗಿರಲಿಲ್ಲ. ಒಂದು ಸಲ ಓದಿ, ಓದಿದ್ದನ್ನು ನೆನಪಿಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ಹೇಳು ಎಂದು ಬದಲಾಯಿಸಿದೆ. ನಾಲ್ಕಾರು ಸಾಲಿನ ಕೆಲಸ. ಮತ್ತೆ ನಿಂಬೆಹಣ್ಣು ಇಟ್ಟೆ. ಟಾರ್ಚು ಆರಿತು. ವರದಿಯಲ್ಲಿ 'ಬಿಸಿ' ಎಂದು ಬಂತು. ಜಗಲಿಯಲ್ಲಿ ಒಬ್ಬಳೇ ಕೂತು ನಾನು ನಕ್ಕ ಸದ್ದಿಗೆ ಕಟ್ಟಿಹಾಕಿದ್ದ ಕುರಿ ಎದ್ದು ನಿಂತಿತು.

ಬಸ್ಸಿನಲ್ಲಿ ವಾಪಸು ಬರುವಾಗ ಇನ್ನೊಂದು ವಿಷಯ ಹೊಳೆದು ನಗು ಇಳಿಯಿತು. ಆ ಹುಡುಗಿಯ ಮೊಟ್ಟೆಗೇ ಯಾಕೆ ಎರಡೂ ಸಲ ಟಾರ್ಚು ಆರಿತು? ಹೊಸ ಸೊಸೆ, ಮನೆಗೆಲಸವೆಲ್ಲ ಮುಗಿಸಿಯೇ ಹೊರಗೆ ಕಾಲಿಡಬೇಕು. ಹಾಗಾಗಿ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು. ಅಷ್ಟು ಹೊತ್ತಿಗೆ ಬೀದಿಯವರ ಮೊಟ್ಟೆಗಳನ್ನೆಲ್ಲ ನೋಡಿ ಫೋನು ಕಾದಿರುತ್ತಿತ್ತು. ಬಿಸಿ ಏರಿಸಿದವರು ಯಾರೋ, ಅಪವಾದ ಹೊತ್ತವಳು ಇವಳು. ನನಗೆ ಆ ಕ್ಷಣ ಬಸ್ಸನ್ನು ತಿರುಗಿಸಿ ಹೋಗಿ ಅವಳಿಗೆ ಹೇಳಬೇಕೆನಿಸಿತು.

ಕಂಪನಿಯವರನ್ನು ಒಪ್ಪಿಸುವುದು ಬಾಕಿ ಇತ್ತು. ನಾನು ಬರೆದು ಕಳಿಸಿದ್ದನ್ನು ಓದಿದ ಮ್ಯಾನೇಜರಿಗೆ ನಿಂಬೆಹಣ್ಣಿನ ಹತ್ತಿರ ಅನುಮಾನ ಬಂತು. ಟಾರ್ಚಿನ ಮೇಲೆ ಹಣ್ಣು ಇಟ್ಟು ಕೂರುವವರು ಯಾರಿದ್ದಾರೆ, ಒಂದು ನಿಮಿಷದ ಕಟ್ಟು ಹಾಕಿದರೆ ಬಿಸಿಯೇ ಆಗುವುದಿಲ್ಲವಲ್ಲ, ಸುಲಭ ಅದೇ ಅಲ್ಲವೆ ಎಂದರು. ಒಂದು ನಿಮಿಷಕ್ಕೊಮ್ಮೆ ಸೆರಗಿನೊಳಗೆ ಕತ್ತಲಾದರೆ ಅತ್ತೆಯ ಪದವಿ ಏನಾಗಬೇಕು, ದೀಪ ನುಂಗಿದ ಮೊಟ್ಟೆಗಳು ತಿಪ್ಪೆಯಲ್ಲಿ ಎಷ್ಟಾಗಬೇಕು. ನಾನು ಶುಕ್ರವಾರ ಬೆಳಿಗ್ಗೆಯೇ ಕಾಮಗೆರೆಗೆ ಹೋಗಿ, ಮೀಟಿಂಗಿನ ಹೊತ್ತಿಗೆ ಲ್ಯಾಪ್‌ಟಾಪನ್ನು ನಡುಮನೆಯಲ್ಲಿ ಅತ್ತೆಯ ಎದುರಿಗೆ ಇಟ್ಟೆ.

ನಮ್ಮತ್ತೆಯ ತವರು ತಮಿಳುನಾಡಿನ ಗಡಿಯ ಹಳ್ಳಿ. ಕನ್ನಡದಷ್ಟೇ ಸಲೀಸಾಗಿ ತಮಿಳು ಬರುತ್ತದೆ. ಪರದೆಯಲ್ಲಿ ಮ್ಯಾನೇಜರ ಮುಖ ಕಂಡದ್ದೇ ತಡ, "ತಂಬಿ, ಸಾಪ್ಟಿಯಾ?" ಎಂದು ಊಟ ವಿಚಾರಿಸಿದರು. ಅಷ್ಟು ದಿನ ನನ್ನೊಂದಿಗೆ ಇಂಗ್ಲಿಷಿನಲ್ಲಿ ಬಿಗಿಯಾಗಿ ಮಾತಾಡುತ್ತಿದ್ದ ಮನುಷ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ತಿಂದೆ ಅಮ್ಮಾ ಎಂದು ತಮಿಳಿನಲ್ಲಿ ಒಪ್ಪಿಸಿದರು. ಏನು ತಿಂದೆ ಎಂದು ಕೇಳಿದರು ಅತ್ತೆ. ಅದನ್ನೂ ಒಪ್ಪಿಸಿದರು. ಆಮೇಲೆ ಅತ್ತೆ ಕಾಲು ಚಾಚಿ, ಸೆರಗು ಎಳೆದು, ನಮ್ಮದೇ ಕೋಳಿಯ ಮೊಟ್ಟೆಗಳನ್ನು ಒಂದೊಂದಾಗಿ ಟಾರ್ಚಿನ ಮೇಲೆ ಇಟ್ಟು ತೋರಿಸುತ್ತ ಹೋದರು, ತಮಿಳಿನಲ್ಲಿ ವಿವರಣೆ ಸಮೇತ. ಮ್ಯಾನೇಜರು ಪರದೆಗೆ ಮುಖ ಹತ್ತಿಸಿ ನೋಡುತ್ತಿದ್ದರು. ಟಾರ್ಚು ಆರಿದಾಗ ನಾನು ವರದಿ ತೆರೆದು ತೋರಿಸಿದೆ. ಅವರು ವರದಿ ಓದಿದರೋ ಇಲ್ಲವೋ, ತಮ್ಮ ಪಾಟಿ, ಅಂದರೆ ಅಜ್ಜಿಯೂ, ಮೊಟ್ಟೆಯನ್ನು ಬಿಸಿಲಿಗೆ ಎತ್ತಿ ಹೀಗೆಯೇ ನೋಡುತ್ತಿದ್ದರು, ಮುಟ್ಟಲು ಹೋದರೆ ಕೈಗೆ ಹೊಡೆಯುತ್ತಿದ್ದರು ಎಂದು ಹೇಳಲು ಶುರುಮಾಡಿದರು. ಒಂದು ನಿಮಿಷದ ಕಟ್ಟಿನ ಮಾತು ಅಲ್ಲಿಗೆ ಮುಗಿಯಿತು. ಅದರ ಬದಲು, ಬಿಸಿಯಾಗಿ ಆರಿದಾಗ ಫೋನು ತಾನೇ ಅದನ್ನು ಬರೆದು ತೋರಿಸಲಿ ಎಂದಾಯಿತು. ಕನ್ನಡದಲ್ಲಿ ಏನೆಂದು ಬರೆಯಬೇಕೋ ಅದು ನನ್ನ ಮೇಲೆ ಬಿತ್ತು. ನಾನು ಬರೆದೆ: "ಟಾರ್ಚ್ ಬಿಸಿಯಾಗಿ ಆರಿದೆ. ತಣ್ಣಗಾದ ಮೇಲೆ ಮತ್ತೆ ಹಚ್ಚಿ." ಬರೆದದ್ದೆಲ್ಲ ಸೇರಿಸಿ ಶನಿವಾರವೇ ಅತ್ತೆಯ ಫೋನಿಗೆ ಹಾಕಿದೆ.

ಭಾನುವಾರ ನಡುಮನೆ ತುಂಬಿಹೋಗಿತ್ತು. ಮೊಟ್ಟೆ ಇಲ್ಲದವರೂ ಬಂದಿದ್ದರು. ಅತ್ತೆ ಜಡ್ಜಿನ ಹಾಗೆ ಗೋಡೆಗೆ ಬೆನ್ನು ಕೊಟ್ಟು ಕೂತು, "ಇವತ್ತು ಆ ಮಗಿನ್ದು ಮೊದ್ಲು" ಎಂದು ಹುಡುಗಿಯನ್ನು ಕರೆದರು. ಒಂದು ಸಲ ನುಂಗಿದ್ದನ್ನು ಮತ್ತೆ ತೋರಿಸಬಾರದಲ್ಲ ಎಂದು ಯಾರೋ ಗೊಣಗಿದರು. "ನುಂಗಿಲ್ಲ ಅಂತ ನಮ್ ಸೊಸೆ ಏಳ್ತಾವ್ಳೆ. ನೋಡದ್ರಲ್ಲಿ ಏನ್ ಓಯ್ತದೆ?" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ಹುಡುಗಿ ಸ್ವೆಟರು ಬಿಚ್ಚಿದಳು. ಫೋನಿನದು ನಾನು ಬಲ್ಲೆ, ಮೊಟ್ಟೆಯೊಳಗಿನದು ನನಗೇನು ಗೊತ್ತು.

ಮೊದಲ ಮೊಟ್ಟೆ ಇಟ್ಟರು. ಈ ಸಲ ನರಗಳಲ್ಲ, ಒಳಗೆಲ್ಲ ಕಪ್ಪಗೆ ತುಂಬಿಕೊಂಡಿತ್ತು. ಅತ್ತೆ ಮೊಟ್ಟೆಯನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಸೆರಗನ್ನು ಪೂರ್ತಿ ಹಿಂದಕ್ಕೆ ಸರಿಸಿ, "ಬಾರವ್ವ, ನೀನೇ ನೋಡು" ಎಂದರು. ಹುಡುಗಿ ಬಗ್ಗಿದಳು. ಒಳಗಿನ ಕಪ್ಪು ಒಮ್ಮೆ ಮಗ್ಗುಲು ಬದಲಿಸಿತು. ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಎಲ್ಲ ಮೊಟ್ಟೆಗಳೂ ಹಾಗೇ ಇದ್ದವು, ಒಂದನ್ನು ಬಿಟ್ಟು. ಆ ಒಂದು ಯಾರ ಕೋಳಿಗೂ ತಪ್ಪಿದ್ದಲ್ಲ ಎಂದು ಎಲ್ಲರೂ ಹೇಳಿದರು. ಅವಳು ಮೊಟ್ಟೆಗಳನ್ನು ಸುತ್ತಿಕೊಂಡು ಓಡಿಹೋಗಿ ಕೋಳಿಯ ಕೆಳಗೆ ಇಟ್ಟು, ಉಸಿರು ಬಿಡುತ್ತ ವಾಪಸು ಬಂದು ನನ್ನ ಪಕ್ಕದಲ್ಲಿ ಕೂತಳು. ನನ್ನ ಕೈ ಹಿಡಿದುಕೊಂಡಳು. ಆ ವಾರದ ಸಂಬಳ ನನಗೆ ಅಲ್ಲೇ ಸಂದಿತು.

ಬೀದಿಯವರದೆಲ್ಲ ಮುಗಿಯುತ್ತ ಬಂತು. ಕೊನೆಗೆ ಎದ್ದವರು ಆ ಹುಡುಗಿಯ ಅತ್ತೆ. ತಮ್ಮ ಸ್ವಂತ ಕೆಂಪು ಕೋಳಿಯನ್ನೂ ಅವರು ಕಾವಿಗೆ ಕೂರಿಸಿದ್ದರಂತೆ. ದೊಡ್ಡ ಮೊಟ್ಟೆಗಳು. ನಿಧಾನಕ್ಕೆ ಸೆರಗಿನಿಂದ ಒರೆಸಿ ಒರೆಸಿ ಕೊಟ್ಟರು. ನಮ್ಮತ್ತೆ ಒಂದನ್ನು ಇಟ್ಟರು. ಟಾರ್ಚು ಆರಿತು.

ಎಲ್ಲರ ಕಣ್ಣೂ ಆ ಮೊಟ್ಟೆಯ ಮೇಲೆ, ಆಮೇಲೆ ಅದರ ಒಡತಿಯ ಮುಖದ ಮೇಲೆ. ಆ ಹೆಂಗಸಿನ ಮುಖ ಸುಣ್ಣವಾಯಿತು. ಸುಮ್ಮನೆ ಕೈ ಚಾಚಿ ಮೊಟ್ಟೆ ವಾಪಸು ತೆಗೆದುಕೊಳ್ಳಲು ಹೋದರು. ನನ್ನ ಪಕ್ಕದ ಹುಡುಗಿ ಎದ್ದಳು. ಈಗ ಏನನ್ನುತ್ತಾಳೋ ಎಂದು ನಾನು ನೋಡುತ್ತಿದ್ದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಒಂದು ಮಾತು ಅಂದೇ ಬಿಡುತ್ತಿದ್ದೆ.

ಅವಳು ನಮ್ಮತ್ತೆಯ ಮಡಿಲಿನಿಂದ ಫೋನು ತೆಗೆದುಕೊಂಡು ತಿರುಗಿಸಿ, ಪರದೆಯ ಮೇಲೆ ಬಂದಿದ್ದನ್ನು ಶಾಲೆಯಲ್ಲಿ ಪಾಠ ಓದುವವಳ ಹಾಗೆ ಗಟ್ಟಿಯಾಗಿ ಓದಿದಳು. "ಟಾರ್ಚ್ ಬಿಸಿಯಾಗಿ ಆರಿದೆ. ತಣ್ಣಗಾದ ಮೇಲೆ ಮತ್ತೆ ಹಚ್ಚಿ." ಓದಿ, ಫೋನಿನ ಬೆನ್ನನ್ನು ತನ್ನ ಅತ್ತೆಯ ಅಂಗೈಗೆ ತಾಗಿಸಿದಳು. "ಮುಟ್ ನೋಡಿ ಅತ್ತೆ, ಎಂಗ್ ಸುಡ್ತದೆ. ನಿಮ್ ಮೊಟ್ಟೆದೇನೂ ತಪ್ಪಿಲ್ಲ. ನಿಮ್ ಕೋಳಿದೂ ಇಲ್ಲ."

ಆಕೆ ಬಿಸಿ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡೇ ಸೊಸೆಯ ಮುಖ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, "ಆ ಕರಿ ಕೋಳಿನ ಇವತ್ತಿಂದ ಒಳಗಡೆ ಕೂರ್ಸವ್ವ. ರಾತ್ರಿ ಹೊತ್ತು ಬೆಕ್ಕು ಬತ್ತದೆ."